ಮೊದಲ ಹೆಸರಿಗೆ ಮಾತ್ರ ಕುರ್ಚಿ

ದೆಹಲಿಯಿಂದ ಬಂದ ಆ ಕಾಗದವನ್ನು ನಮ್ಮ ಡಾಕ್ಟರು ನನ್ನ ಮೇಜಿನ ಮೇಲೆ ಇಟ್ಟ ರೀತಿಯಲ್ಲೇ ಗೊತ್ತಾಯಿತು, ಅದರಲ್ಲಿ ಒಳ್ಳೆಯ ಸುದ್ದಿ ಇಲ್ಲವೆಂದು. ಗ್ರಂಥಾಲಯಕ್ಕೆ ಬಂದರೆ ಅವರು ಮೊದಲು ಫ್ಯಾನಿನ ಕೆಳಗಿನ ಕುರ್ಚಿ ಹಿಡಿಯುವವರು, ಕಾಫಿ ಆಯಿತಾ ಎಂದು ಕೇಳುವವರು, ಆಮೇಲೆ ಕೆಲಸದ ಮಾತು. ಆವತ್ತು ನಿಂತೇ ಇದ್ದರು.

“ಅಮ್ಮಣಿ, ಇದನ್ನ ಒಂದ್ಸಲ ಓದಿಬಿಡು. ನನಗೆ ಅರ್ಥ ಆಗಿರೋದು ಸರಿನಾ ನೋಡು.”

ಎಂಬತ್ತರ ದಶಕದ ನಡುವಿನ ಮಾತು ಇದು. ನಾನು ಕೊಯಮತ್ತೂರಿನ ಒಂದು ವೈದ್ಯಕೀಯ ಕಾಲೇಜಿನ ಗ್ರಂಥಾಲಯದಲ್ಲಿ ಸಹಾಯಕಿ. ಅವರು ಅಲ್ಲಿ ಎದೆರೋಗದ ಡಾಕ್ಟರು. ಅವರದು ಅವಿನಾಶಿ ಕಡೆಯ ಬೇಸಾಯದ ಮನೆ, ನಮ್ಮದು ನೇಯ್ಗೆಯ ಮನೆ. ಎರಡೂ ಮನೆಗಳಲ್ಲಿ ಕನ್ನಡ. ಯಾರಾದರೂ ಹತ್ತಿರವಿದ್ದರೆ ಇಬ್ಬರೂ ತಮಿಳು, ಇಲ್ಲದಿದ್ದರೆ ಕನ್ನಡ. ಅವರ ಕನ್ನಡದಲ್ಲಿ ಅರ್ಧ ತಮಿಳಿದ್ದರೆ ನನ್ನದರಲ್ಲಿ ಮುಕ್ಕಾಲು ಇತ್ತು. ಆದರೂ ಆ ದೊಡ್ಡ ಕಟ್ಟಡದಲ್ಲಿ ಮನೆಯ ಮಾತಾಡಲು ಒಬ್ಬರಾದರೂ ಇದ್ದಾರಲ್ಲ ಎಂಬ ಸಲಿಗೆಗೆ ನಾನು ಅವರನ್ನು ಗದರಿಸುವುದೂ ಇತ್ತು, ಅವರು ಗದರಿಸಿಕೊಳ್ಳುವುದೂ ಇತ್ತು.

ಕಾಗದ ಸಂಶೋಧನಾ ಮಂಡಳಿಯದು. ಡಾಕ್ಟರ ಯೋಜನೆಯನ್ನು ಇನ್ನೊಂದು ಅವಧಿಗೆ ಮುಂದುವರಿಸಬೇಕಾದರೆ ಹೊಸ ನಿಯಮದಂತೆ ಎರಡು ಪಟ್ಟಿ ಬೇಕು. ಒಂದು, ಅವರು ಪ್ರಕಟಿಸಿದ ಎಲ್ಲ ಲೇಖನಗಳದು. ಇನ್ನೊಂದು, ಆ ಲೇಖನಗಳನ್ನು ಬೇರೆ ಸಂಶೋಧಕರು ಎಲ್ಲೆಲ್ಲಿ, ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬುದರದು, ಆಧಾರ ಸಮೇತ. ಮೂರು ವಾರ ಗಡುವು.

“ಸರಿಯಾಗೇ ಅರ್ಥ ಆಗಿದೆ ಸಾರ್,” ಎಂದೆ. “ಪಟ್ಟಿ ಇಲ್ಲದಿದ್ದರೆ ಕೋಣೆ ಮುಚ್ಚಬೇಕು.”

ಕೋಣೆ ಎಂದರೆ ಸೂಲೂರಿನ ರಸ್ತೆಯಲ್ಲಿ, ಮಿಲ್ಲುಗಳು ಸಾಲಾಗಿರುವ ಕಡೆ, ಒಂದು ಗೇಟಿನ ಎದುರಿಗಿದ್ದ ಬಾಡಿಗೆ ಕೋಣೆ. ಒಂದು ಬೆಂಚು, ಒಂದು ಮೇಜು, ಮೇಜಿನ ಮೇಲೆ ಊದುವ ಮೆಷಿನ್. ಕೊಳವೆಯನ್ನು ಬಾಯಿಗಿಟ್ಟು, ಎದೆ ತುಂಬ ಉಸಿರೆಳೆದು, ಒಳಗಿರುವ ಗಾಳಿಯನ್ನೆಲ್ಲ ಒಂದೇ ಸಲಕ್ಕೆ ಊದಬೇಕು. ಮೆಷಿನಿನ ತಿದಿ ಉಬ್ಬುತ್ತದೆ, ಅದಕ್ಕೆ ಜೋಡಿಸಿದ ಪೆನ್ನು ಚೌಕಳಿ ಕಾಗದದ ಮೇಲೆ ಏರುವ ಗೆರೆಯೊಂದನ್ನು ಎಳೆಯುತ್ತದೆ. ಗೆರೆ ಎಷ್ಟು ಎತ್ತರ ಹತ್ತಿತೋ ಎದೆ ಅಷ್ಟು ಗಟ್ಟಿ. ಹತ್ತಿಯ ಧೂಳು ಕುಡಿದು ಕುಡಿದು ಮಿಲ್ಲಿನವರ ಎದೆ ವರ್ಷವರ್ಷಕ್ಕೆ ಹೇಗೆ ಸಣ್ಣಗಾಗುತ್ತದೆ ಎಂದು ಡಾಕ್ಟರು ಆ ಗೆರೆಗಳಲ್ಲಿ ನೋಡುತ್ತಿದ್ದರು. ಗೆರೆ ಇಳಿದವರಿಗೆ ಧೂಳು ಕಡಿಮೆ ಇರುವ ಕಡೆ ಕೆಲಸ ಕೊಡಿ ಎಂದು ಚೀಟಿ ಬರೆಯುತ್ತಿದ್ದರು. ಕೆಲವು ಮಿಲ್ಲಿನ ಮಾಲೀಕರು ಆ ಚೀಟಿಗೆ ಬೆಲೆ ಕೊಡುತ್ತಿದ್ದರು. ಹತ್ತಿಯ ಕಾಲದಲ್ಲಿ ಅದೇ ಮೆಷಿನನ್ನು ಸ್ಕೂಟರಿಗೆ ಕಟ್ಟಿಕೊಂಡು ತಿರುಪ್ಪೂರಿನ ಜಿನ್ನಿಂಗ್ ಫ್ಯಾಕ್ಟರಿಗಳನ್ನೂ ಸುತ್ತುವವರು. ಆ ಚೀಟಿಯನ್ನು ಬರೆಯುವ ಇನ್ನೊಂದು ಜಾಗ ನಮ್ಮ ಸುತ್ತಿನಲ್ಲಿ ಇರಲಿಲ್ಲ.

“ನಿಮ್ಮ ಲೇಖನಗಳೆಲ್ಲ ಎಲ್ಲಿವೆ ಸಾರ್?”

“ಇವೆ ಇವೆ. ಎಲ್ಲೋ ಇವೆ.”

ಎಲ್ಲೋ ಎಂದರೆ ಹಳೆಯ ಎಕ್ಸ್‌ರೇ ಕವರುಗಳಲ್ಲಿ. ರೋಗಿಗಳ ಶ್ವಾಸಕೋಶಗಳ ನಡುವೆ ಡಾಕ್ಟರ ಲೇಖನಗಳೂ ಮಲಗಿದ್ದವು. ಎರಡು ದಿನ ಕವರುಗಳನ್ನು ಜಾಲಾಡಿ, ಕೆಮ್ಮಿ, ಸೀನಿ, ಹತ್ತೊಂಬತ್ತು ಲೇಖನ ಹೊರತೆಗೆದೆ. ಇಷ್ಟೇನಾ ಎಂದು ಕೇಳಿದೆ. ಇಷ್ಟೇ ಅಮ್ಮಣಿ ಎಂದರು. ಒಂದೊಂದಕ್ಕೂ ಒಂದು ಕಾರ್ಡು ಬರೆದೆ: ಲೇಖಕರು, ಪತ್ರಿಕೆ, ಸಂಪುಟ, ಪುಟ, ವರ್ಷ. ಬರೆಯುತ್ತ ಬರೆಯುತ್ತ ಒಂದು ವಿಷಯ ಕಣ್ಣಿಗೆ ಬಿತ್ತು. ಅವರು ಮದರಾಸಿನಲ್ಲಿ ಓದುತ್ತಿದ್ದಾಗ ಒಬ್ಬರೇ ಬರೆದದ್ದೊಂದನ್ನು ಬಿಟ್ಟರೆ, ಉಳಿದ ಎಲ್ಲದರಲ್ಲೂ ಅವರ ಹೆಸರು ಕೊನೆಯದು. ಮೊದಲು ಟೆಕ್ನಿಷಿಯನ್ನಿನ ಹೆಸರು, ಇಲ್ಲವೇ ನರ್ಸಿನದು, ಇಲ್ಲವೇ ಯಾರೋ ವಿದ್ಯಾರ್ಥಿಯದು. ಬೇರೆ ವಿಭಾಗಗಳ ದೊಡ್ಡವರು ತಾವು ಮುಟ್ಟದ ಲೇಖನಕ್ಕೂ ತಮ್ಮ ಹೆಸರನ್ನು ಮೊದಲು ಹಾಕಿಸಿಕೊಳ್ಳುತ್ತಿದ್ದ ಕಾಲ ಅದು.

“ಇದೇನು ಸಾರ್, ಪಂಕ್ತಿಯಲ್ಲಿ ಬಡಿಸುವವರ ಹಾಗೆ ಎಲ್ಲಾ ಕಡೆ ಕೊನೆಗೆ ಕೂತಿದ್ದೀರಿ?”

“ಯಾರು ಓಡಾಡಿ ವೇಲೆ ಮಾಡಿದ್ರೋ ಅವ್ರ ಹೆಸರು ಮೊದಲು. ನಾನು ಬರೆಯೋನು ತಾನೇ?” ಕೆಲಸಕ್ಕೆ ನಮ್ಮ ಕಡೆಯವರ ಬಾಯಲ್ಲಿ ತಮಿಳಿನ ವೇಲೆಯೇ.

ಆಗ ಅದು ಒಳ್ಳೆಯ ಗುಣವಾಗಿ ಕಂಡಿತು. ಎರಡೇ ದಿನದಲ್ಲಿ ಅದಕ್ಕೇ ಅವರನ್ನು ಬೈದುಕೊಂಡೆ.

ಉಲ್ಲೇಖಗಳನ್ನು ಹುಡುಕಲು ಸೈಟೇಶನ್ ಇಂಡೆಕ್ಸ್ ಎಂಬ ಸಂಪುಟಗಳು ಬೇಕು. ನಮ್ಮ ಕಾಲೇಜಿನಲ್ಲಿ ಅವು ಇರಲಿಲ್ಲ. ಬೆಂಗಳೂರಿನ ಒಂದು ದೊಡ್ಡ ಗ್ರಂಥಾಲಯದಲ್ಲಿ ಇವೆ ಎಂದು ತಿಳಿದು, ಪ್ರಿನ್ಸಿಪಾಲರಿಂದ ಪತ್ರ ಬರೆಸಿಕೊಂಡು, ನಾಲ್ಕು ದಿನದ ರಜೆಯಲ್ಲಿ ಹೊರಟೆ. ಚಿಕ್ಕಮ್ಮನ ಮನೆಯಲ್ಲಿ ಉಳಿದೆ. ಮಾರನೆಯ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಒಂದು ಬೋರ್ಡೂ ಓದಲಾಗಲಿಲ್ಲ! ಹುಟ್ಟಿದಾಗಿನಿಂದ ಆಡಿದ ಮಾತು, ಅಕ್ಷರ ಮಾತ್ರ ಗೊತ್ತಿಲ್ಲ. ಪಕ್ಕದಲ್ಲಿದ್ದ ಹೆಂಗಸನ್ನು ಕೇಳಿದರೆ, “ಕನ್ನಡದವ್ರು ಅಂತೀರಾ, ಬೋರ್ಡು ಓದಕ್ಕೆ ಬರಲ್ವಾ?” ಎಂದು ನಕ್ಕಳು. ಆ ನಾಚಿಕೆಗೇ ಆಮೇಲೆ ಅತ್ತಿಗೆಯ ಹತ್ತಿರ ಕುಳಿತು ಅಕ್ಷರ ಕಲಿತೆ. ಇವತ್ತು ಇದನ್ನು ಬರೆಯುತ್ತಿರುವುದೂ ಆ ಹೆಂಗಸಿನ ನಗುವಿನಿಂದಲೇ.

ಸೈಟೇಶನ್ ಇಂಡೆಕ್ಸಿನ ಸಂಪುಟ ಒಂದೊಂದೂ ಒರಳುಕಲ್ಲಿನಷ್ಟು ಭಾರ. ಒಳಗೆ ಅಕ್ಷರ ಸಾಸಿವೆಗಿಂತ ಸಣ್ಣದು. ಅದರ ಕ್ರಮ ಹೀಗೆ: ಲೇಖಕರ ಹೆಸರು ದಪ್ಪ ಅಕ್ಷರದಲ್ಲಿ, ಅದರ ಕೆಳಗೆ ಅವರ ಲೇಖನದ ವರ್ಷ, ಪತ್ರಿಕೆ, ಪುಟ, ಅದರ ಕೆಳಗೆ, ಆ ಲೇಖನವನ್ನು ಯಾರು ಯಾರು ಎಲ್ಲಿ ಉಲ್ಲೇಖಿಸಿದರು ಎಂಬ ಸಾಲುಗಳು. ಒಂದು ಲೇಖನದ ಜಾತಕ ನೋಡಬೇಕಾದರೆ ಅದು ಬಂದ ವರ್ಷದಿಂದ ಈಚಿನ ಎಲ್ಲ ವರ್ಷಗಳ ಸಂಪುಟಗಳನ್ನೂ ತೆಗೆಯಬೇಕು. ಭೂತಗನ್ನಡಿ ಹಿಡಿದು, ಸಾಲಿನ ಕೆಳಗೆ ಅಡಿಕೋಲಿಟ್ಟು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕುಳಿತೆ. ಸಂಜೆಯವರೆಗೆ ಡಾಕ್ಟರ ಹೆಸರಿನ ಕೆಳಗೆ ಸಿಕ್ಕಿದ್ದು ಮೂರು. ಅದೂ ಆ ಮದರಾಸಿನ ಲೇಖನಕ್ಕೆ. ಆ ಮೂರರಲ್ಲಿ ಎರಡು ಅವರೇ ತಮ್ಮ ಹಳೆಯ ಲೇಖನವನ್ನು ನೆನೆಸಿಕೊಂಡದ್ದು.

ಇಷ್ಟು ವರ್ಷ ಸ್ಕೂಟರಿನ ಮೇಲೆ ಮೆಷಿನ್ ಹೊತ್ತು ತಿರುಗಿದ ಮನುಷ್ಯನನ್ನು ಪ್ರಪಂಚದಲ್ಲಿ ಒಬ್ಬನೇ ಒಬ್ಬ ಓದಿದ್ದಾನೆಯೇ? ಭೂತಗನ್ನಡಿ ಕೆಳಗಿಟ್ಟು ತಲೆ ಹಿಡಿದು ಕುಳಿತಿದ್ದಾಗ, ಆ ಓದುಕೋಣೆಯನ್ನು ನೋಡಿಕೊಳ್ಳುತ್ತಿದ್ದ ಹಿರಿಯರು ಬಂದು ನನ್ನ ಕಾರ್ಡುಗಳನ್ನು ತಿರುವಿಹಾಕಿದರು.

“ಏನಮ್ಮಾ, ಇವರನ್ನ ಕೊನೇ ಹೆಸರಲ್ಲಿ ಹುಡುಕ್ತಿದ್ದೀರಲ್ಲ! ಈ ಪುಸ್ತಕದಲ್ಲಿ ಮೊದಲನೇ ಹೆಸರಿಗೆ ಮಾತ್ರ ಕುರ್ಚಿ. ಉಳಿದವರೆಲ್ಲ ಹೊರಗೆ ನಿಂತಿರಬೇಕು.”

ಅಂದರೆ ಹತ್ತು ಜನ ಸೇರಿ ಬರೆದರೂ ಇಂಡೆಕ್ಸಿನಲ್ಲಿ ಅದು ಮೊದಲನೆಯವರ ಹೆಸರಿನ ಕೆಳಗಷ್ಟೇ ಬರುತ್ತದೆ. ಡಾಕ್ಟರ ಒಳ್ಳೆಯ ಗುಣ ಅವರನ್ನು ಆ ಪುಸ್ತಕದಿಂದಲೇ ಅಳಿಸಿಹಾಕಿತ್ತು. ಪುಣ್ಯಾತ್ಮ, ಒಂದೆರಡು ಕಡೆಯಾದರೂ ಮುಂದೆ ಕೂರಬಾರದಿತ್ತೇ ಎಂದು ಗೊಣಗಿಕೊಂಡು, ಎರಡನೆಯ ದಿನ ಎಲ್ಲವನ್ನೂ ಮೊದಲಿನಿಂದ ಹಿಡಿದೆ. ಟೆಕ್ನಿಷಿಯನ್ನಿನ ಹೆಸರಿನಲ್ಲಿ ಏಳು, ನರ್ಸಿನ ಹೆಸರಿನಲ್ಲಿ ನಾಲ್ಕು, ವಿದ್ಯಾರ್ಥಿಗಳ ಹೆಸರಿನಲ್ಲಿ ಅಲ್ಲೊಂದು ಇಲ್ಲೊಂದು. ಎಲ್ಲ ಕೂಡಿಸಿದರೂ ದೆಹಲಿಯವರು ತಲೆಯೆತ್ತಿ ನೋಡುವಷ್ಟು ಆಗಲಿಲ್ಲ.

ಮೂರನೆಯ ದಿನ ಆಧಾರದ ಕೆಲಸ. ಇಂಡೆಕ್ಸಿನಲ್ಲಿ ಸಿಕ್ಕ ಸಾಲನ್ನು ನಂಬಿ ಬರೆದರೆ ಸಾಲದು. ಉಲ್ಲೇಖಿಸಿದ ಪತ್ರಿಕೆಯನ್ನೇ ತೆಗೆದು, ಆ ಲೇಖನದ ಕೊನೆಯ ಆಕರಪಟ್ಟಿಯಲ್ಲಿ ನಮ್ಮವರ ಹೆಸರಿದೆಯೇ ಎಂದು ನೋಡಿ, ಆ ಪುಟದ ಜೆರಾಕ್ಸ್ ಮಾಡಿಸಬೇಕು. ಮೊದಲನೆಯ ಪತ್ರಿಕೆ ತೆಗೆದೆ. ನರ್ಸಿನ ಹೆಸರು ಇತ್ತು. ಅದಕ್ಕಿಂತ ನಾಲ್ಕು ಸಾಲು ಕೆಳಗೆ ಇನ್ನೊಂದು ಹೆಸರು ಕಂಡಿತು: ತಾಯಮ್ಮಾಳ್ ಆರ್. ಅದರ ಪಕ್ಕದಲ್ಲಿ ಎರಡನೆಯ ಹೆಸರಾಗಿ ನಮ್ಮ ಡಾಕ್ಟರು. ನನ್ನ ಹತ್ತೊಂಬತ್ತು ಕಾರ್ಡುಗಳಲ್ಲಿ ಈ ಹೆಸರು ಇರಲೇ ಇಲ್ಲ. ಎರಡನೆಯ ಪತ್ರಿಕೆ ತೆಗೆದೆ. ಅಲ್ಲೂ ತಾಯಮ್ಮಾಳ್ ಆರ್. ಮೂರನೆಯದರಲ್ಲೂ. ಓಡಿಹೋಗಿ ಇಂಡೆಕ್ಸಿನ ‘ಟಿ’ ಅಕ್ಷರದ ಸಂಪುಟ ಎಳೆದು ಭೂತಗನ್ನಡಿ ಹಿಡಿದೆ.

ಒಂದು ಇಡೀ ಕಾಲಮ್ಮು! ತಾಯಮ್ಮಾಳ್ ಆರ್. ಎಂಬ ಹೆಸರಿನ ಕೆಳಗೆ ಒಂದೇ ಒಂದು ಲೇಖನ, ಅದರ ಕೆಳಗೆ ಸಾಲು ಸಾಲು ಸಾಲು. ಇಂಗ್ಲೆಂಡು, ಅಮೆರಿಕ, ಈಜಿಪ್ಟು, ಎಲ್ಲೆಲ್ಲಿ ಹತ್ತಿ ಇದೆಯೋ ಅಲ್ಲೆಲ್ಲ ಯಾರೋ ಒಬ್ಬರು ಈ ಹೆಸರನ್ನು ಬರೆದಿದ್ದರು. ಮುಂದಿನ ವರ್ಷದ ಸಂಪುಟದಲ್ಲಿ ಇನ್ನಷ್ಟು. ಎಣಿಸಿದಾಗ ಉಳಿದ ಹತ್ತೊಂಬತ್ತನ್ನೂ ಕೂಡಿಸಿದ್ದರ ಐದು ಪಟ್ಟು ಬಂತು.

ಆಗ ನೆನಪಾಯಿತು, ನನ್ನ ಮೇಜಿನ ಕೆಳಗಿನ ಡ್ರಾಯರು. ಲೇಖನದ ಪ್ರತಿ ಬೇಕಾದವರು ಲೇಖಕರಿಗೆ ಕಾರ್ಡು ಬರೆದು ಕೇಳುತ್ತಿದ್ದ ಕಾಲ ಅದು. ಮೂರು ವರ್ಷಗಳಿಂದ ‘ಡಾ. ಆರ್. ತಾಯಮ್ಮಾಳ್’ ಎಂಬ ವಿಳಾಸಕ್ಕೆ ದೇಶ ಪರದೇಶಗಳಿಂದ ಕಾರ್ಡುಗಳು ಬರುತ್ತಿದ್ದವು. ಆ ಹೆಸರಿನ ಡಾಕ್ಟರು ಕಾಲೇಜಿನಲ್ಲಿ ಇಲ್ಲವೆಂದು ಟಪಾಲಿನವರು ಅವನ್ನು ತಂದು ಗ್ರಂಥಾಲಯಕ್ಕೆ ಸುರಿಯುತ್ತಿದ್ದರು. ನಾನೇನು ಮಾಡುತ್ತಿದ್ದೆ? ಚಂದದ ಸ್ಟಾಂಪುಗಳನ್ನು ಅಕ್ಕನ ಮಗಳಿಗೆ ಕಿತ್ತುಕೊಟ್ಟು, ಕಾರ್ಡುಗಳನ್ನು ಡ್ರಾಯರಿಗೆ ಎಸೆಯುತ್ತಿದ್ದೆ. ಬೆಣ್ಣೆ ಮನೆಯಲ್ಲಿಟ್ಟುಕೊಂಡು ತುಪ್ಪಕ್ಕೆ ಬೆಂಗಳೂರಿನವರೆಗೆ ಅಲೆದಿದ್ದೆ. ನಗುವೂ ಬಂತು, ನಾಚಿಕೆಯೂ ಆಯಿತು. ಆ ಲೇಖನ ಬಂದ ಪತ್ರಿಕೆಯನ್ನು ಹುಡುಕಿ ತೆಗೆದೆ. ಸಂಪಾದಕರಿಗೆ ಬರೆದ ಒಂದೂವರೆ ಪುಟದ ಪತ್ರ ಅಷ್ಟೆ. ಜೆರಾಕ್ಸ್ ಮಾಡಿಸಿಕೊಂಡು ಊರಿಗೆ ಬಂದೆ.

“ಯಾರು ಸಾರ್ ಈ ತಾಯಮ್ಮಾಳ್?” ಎಂದು ಆ ಹಾಳೆಯನ್ನು ಡಾಕ್ಟರ ಮುಂದೆ ಹಿಡಿದೆ.

ಅವರ ಮುಖ ಅರಳಿತು. “ಅಡಡಾ, ಇದು ಎಲ್ಲಿ ಸಿಕ್ಕಿತು? ಇದು ಲೇಖನ ಅಲ್ಲ ಅಮ್ಮಣಿ, ಒಂದು ಕಾಗದ ತಾನೇ. ಅದಕ್ಕೇ ನಿನಗೆ ಹೇಳಲಿಲ್ಲ.”

ಆಮೇಲೆ ಕುರ್ಚಿ ಎಳೆದು ಕುಳಿತು ಕಥೆ ಹೇಳಿದರು. ಈ ಧೂಳಿನ ಕಾಯಿಲೆಯ ಗುರುತನ್ನು ಮೊದಲು ಕಂಡವರು ಪಶ್ಚಿಮದವರು. ಅಲ್ಲಿ ಭಾನುವಾರ ಮಿಲ್ಲು ಮುಚ್ಚುತ್ತದೆ. ಒಂದು ದಿನ ಧೂಳಿಲ್ಲದೆ ಆರಾಮವಾಗಿದ್ದ ಎದೆ, ಸೋಮವಾರ ಮತ್ತೆ ಧೂಳು ಕಂಡಾಗ ಬಿಗಿಯುತ್ತದೆ. ಅದರಿಂದ ಅವರ ಪ್ರಶ್ನಾವಳಿಯ ಮುಖ್ಯ ಪ್ರಶ್ನೆ, ‘ಸೋಮವಾರ ನಿಮಗೆ ಎದೆ ಬಿಗಿಯುತ್ತದೆಯೇ?’ ನಮ್ಮ ಡಾಕ್ಟರೂ ಅದನ್ನೇ ತಮಿಳಿಗೆ ಮಾಡಿಸಿ, ಎರಡು ವರ್ಷ ಮಿಲ್ಲಿನವರನ್ನೆಲ್ಲ ಕೇಳಿದರು. ಸೋಮವಾರವಾ? ಇಲ್ಲವಲ್ಲ ಎಂದರು ಎಲ್ಲರೂ. ನಮ್ಮವರಿಗೆ ಈ ಕಾಯಿಲೆ ಅಪರೂಪ ಎಂದು ಅವರು ಬರೆಯಲು ಹೊರಟಿದ್ದರು.

“ಆವಾಗ ಈ ತಾಯಮ್ಮ. ಮಿಲ್ಲಲ್ಲಿ ಮೆಷಿನ್ ಕೆಳಗೆ ಬಿದ್ದ ಪಂಜು, ಅದೇ ಹತ್ತಿ, ಗುಡಿಸೋಳು. ಊದಕ್ಕೆ ಬಂದಿದ್ಲು. ‘ಏನ್ ಡಾಕ್ಟ್ರೇ, ವರ್ಷದಿಂದ ಸೋಮವಾರ ಸೋಮವಾರ ಅಂತ ಜಪ ಮಾಡ್ತೀರಿ? ನಮ್ಮ ಮಿಲ್ಲು ಏಳು ದಿನವೂ ಓಡುತ್ತೆ. ಒಬ್ಬೊಬ್ಬರಿಗೆ ಒಂದೊಂದು ದಿನ ಲೀವು. ನನಗೆ ಲೀವು ಬುಧವಾರ. ನನ್ನ ಸೋಮವಾರ ಬರೋದು ಗುರುವಾರ’ ಅಂದ್ಲು. ನಾನು ಹಂಗೇ ಕೂತುಬಿಟ್ಟೆ ಅಮ್ಮಣಿ. ಎರಡು ವರ್ಷ!”

‘ಲೀವಿನ ಮಾರನೆಯ ದಿನ’ ಎಂದು ಪ್ರಶ್ನೆ ಬದಲಿಸಿ ಮತ್ತೆ ಎಲ್ಲರನ್ನೂ ಕೇಳಿದರು. ಕಾಯಿಲೆ ಅಲ್ಲೇ ಇತ್ತು, ಬೇಕಾದಷ್ಟು ಇತ್ತು. ಅದನ್ನೇ ಒಂದೂವರೆ ಪುಟದಲ್ಲಿ ಬರೆದು ಕಳಿಸಿದ್ದರು. ಕಂಡುಹಿಡಿದವಳು ಅವಳು, ಆದ್ದರಿಂದ ಅವಳ ಹೆಸರು ಮೊದಲು. ಮಿಲ್ಲಿನ ಮಾಲೀಕರಿಗೆ ಗೊತ್ತಾಗಿ ಅವಳಿಗೆ ತೊಂದರೆಯಾಗದಿರಲಿ ಎಂದು ಕಾಲೇಜಿನ ವಿಳಾಸ. ಓದಿದವರು ಅವಳನ್ನು ಡಾಕ್ಟರು ಎಂದುಕೊಂಡರು.

“ನಮ್ಮ ಕೋಣೆ ಉಳೀತು ಸಾರ್!” ಎಂದೆ. “ಇದೊಂದನ್ನು ಪಟ್ಟಿಗೆ ಸೇರಿಸಿದರೆ ಸಾಕು.”

“ಬೇಡ.”

“ಯಾಕೆ?”

“ಅದು ಅವಳದು. ಇಷ್ಟು ಸಲ ನನ್ನ ಉಲ್ಲೇಖ ಆಗಿದೆ ಅಂತ ನಾನು ರುಜು ಹಾಕಿದ್ರೆ ಕದ್ದಂಗೆ.”

“ನಿಮ್ಮ ಹೆಸರೂ ಇದೆಯಲ್ಲ ಸಾರ್.”

“ಎರಡನೇದು. ಇನ್ನೂ ಒಂದು ಕೇಳು. ಯಾರಪ್ಪಾ ಈ ಡಾಕ್ಟರ್ ತಾಯಮ್ಮಾಳ್ ಅಂತ ದೆಹಲಿಯಲ್ಲಿ ಕೇಳ್ತಾರೆ. ಪಂಜು ಗುಡಿಸೋಳು ಅಂತೀನಿ. ನಗ್ತಾರೆ. ನನ್ನನ್ನ ನೋಡಿ ನಗಲಿ, ಪರವಾಯಿಲ್ಲೆ. ಅವಳನ್ನ ನೋಡಿ ನಗೋದು ನನಗೆ ಬೇಡ.”

ನನಗೆ ಸಿಟ್ಟು ನೆತ್ತಿಗೇರಿತು. “ಕೋಣೆ ಮುಚ್ಚಿದ ಮೇಲೆ ಅವಳೆಲ್ಲಿ ಊದುತ್ತಾಳೆ? ನಿಮ್ಮ ಮರ್ಯಾದೆಯ ಒಳಗೆ ಊದುತ್ತಾಳಾ?” ಎಂದುಬಿಟ್ಟೆ. ಡಾಕ್ಟರು ಎದ್ದು ಹೋದರು. ಅಂದ ಮೇಲೆ ಅಯ್ಯೋ ಎನಿಸಿತು, ಆದರೆ ಮಾತು ಹೊರಗೆ ಬಿದ್ದಾಗಿತ್ತು.

ಗಡುವಿಗೆ ಎಂಟು ದಿನ ಉಳಿದಿತ್ತು. ಎರಡು ದಿನ ಟೈಪ್‌ರೈಟರಿನ ಮುಂದೆ ಸುಮ್ಮನೆ ಕುಳಿತು ಯೋಚಿಸಿದೆ. ‘ಡಾಕ್ಟರ ಪ್ರಕಟಣೆಗಳು’ ಎಂಬ ತಲೆಬರಹವೇ ತಪ್ಪು ಎಂದು ಹೊಳೆಯಿತು. ‘ಕೋಣೆಯ ಪ್ರಕಟಣೆಗಳು’ ಎಂದು ಹಾಕಿ, ಯಾರ ಹೆಸರು ಎಲ್ಲಿದೆಯೋ ಹಾಗೆಯೇ ಇಟ್ಟು, ಪ್ರತಿ ಮೊದಲ ಹೆಸರಿನ ಮುಂದೆ ಅವರ ಕೆಲಸವೇನೆಂದು ಬರೆದರೆ? ಟೆಕ್ನಿಷಿಯನ್, ನರ್ಸ್, ವಿದ್ಯಾರ್ಥಿ, ಮಿಲ್ ಕಾರ್ಮಿಕೆ. ಯಾರದನ್ನೂ ಯಾರೂ ಕದ್ದ ಹಾಗಾಗುವುದಿಲ್ಲ. ಆದರೆ ಅವಳ ಕೆಲಸವನ್ನು ಹೀಗೆ ಬಯಲಿಗಿಡಬೇಕಾದರೆ ಅವಳನ್ನೇ ಕೇಳಬೇಕು. ಕೇಳಿಯೇಬಿಡೋಣವೆಂದು ಭಾನುವಾರ ಸೂಲೂರಿನ ಬಸ್ಸು ಹತ್ತಿದೆ.

ಮನೆ ಹುಡುಕಿ ಹೋದರೆ ಬಾಗಿಲಲ್ಲಿ, ಹಗ್ಗದ ಮಂಚದ ಮೇಲೆ, ಬಡಕಲು ಮನುಷ್ಯರೊಬ್ಬರು ಎರಡೂ ಕೈ ಊರಿಕೊಂಡು ಕುಳಿತಿದ್ದರು. ತಾಯಮ್ಮನ ಗಂಡ.

“ಅವಳು... ವೇಲೆಗೆ ಹೋಗಿದಾಳೆ,” ಎಂದರು. ನಡುವೆ ಉಸಿರು ತೆಗೆದುಕೊಂಡು, “ಲೀವು... ಬುಧವಾರ ತಾನೇ.”

ನನ್ನ ಕೆನ್ನೆಗೆ ನಾನೇ ಬಡಿದುಕೊಳ್ಳಬೇಕು ಎನಿಸಿತು. ಬುಧವಾರದ ಲೀವಿನ ಕಥೆಯನ್ನು ಪ್ರಪಂಚವೆಲ್ಲ ಉಲ್ಲೇಖಿಸಿದೆ, ಆ ಕಾಲಮ್ಮನ್ನು ಭೂತಗನ್ನಡಿಯಲ್ಲಿ ಎಣಿಸಿದವಳು ನಾನು, ಆದರೂ ಆಪೀಸಿನವರ ಹಾಗೆ ಭಾನುವಾರ ಬಂದು ನಿಂತಿದ್ದೇನೆ! ಶಿಫ್ಟು ಬಿಡುವವರೆಗೆ ಕಾಯುತ್ತ ಆ ಹಿರಿಯರ ಹತ್ತಿರ ಕುಳಿತೆ. ಅವರೂ ಅದೇ ಮಿಲ್ಲಿನಲ್ಲಿ ಹತ್ತಿಯ ಬೇಲು ಒಡೆಯುವ ಕೋಣೆಯಲ್ಲಿ ಇದ್ದವರು, ಆರು ವರ್ಷದ ಹಿಂದೆ ಬಿಟ್ಟವರು. ಒಂದು ಸಾಲು ಮಾತಿಗೆ ಎರಡು ಸಲ ನಿಲ್ಲುತ್ತಿದ್ದರು.

“ಡಾಕ್ಟರು ನಿಮ್ಮನ್ನು ಊದಿಸಿ ನೋಡಿದ್ದಾರಾ?” ಎಂದು ಕೇಳಿದೆ.

“ಅವರು... ಮಿಲ್ಲಿಗೆ ಹೋಗೋರನ್ನ ತಾನೇ ನೋಡೋದು?”

ಮಧ್ಯಾಹ್ನದ ಶಿಫ್ಟು ಬಿಟ್ಟ ಮೇಲೆ ತಾಯಮ್ಮ ಬಂದರು. ಐವತ್ತರ ಹತ್ತಿರದ ವಯಸ್ಸು, ಕೂದಲ ತುಂಬ ಹತ್ತಿಯ ಎಳೆ. ನಾನು ತಮಿಳಿನಲ್ಲಿ ಆರಂಭಿಸಿದೆ. ನಾಲ್ಕು ಮಾತಿಗೆ ಅವರು ಕೈ ತೋರಿಸಿ ತಡೆದರು.

“ನೀ ಯಾರ ಮನೆ ಹುಡುಗಿ ಕಣ್ಣು? ನೇಯೋರ ಮನೆಯವಳು ಅಲ್ವಾ? ಮತ್ಯಾಕೆ ತಮಿಳಲ್ಲಿ ಒದ್ದಾಡ್ತಿ, ನಮ್ಮ ಮಾತಲ್ಲೇ ಹೇಳು.”

ಮಕ್ಕಳನ್ನು ಮುದ್ದಿನಿಂದ ಕರೆಯುವ ಆ ‘ಕಣ್ಣು’ ಕೇಳಿ ನನ್ನ ಅರ್ಧ ಭಯ ಹೋಯಿತು. ಜೆರಾಕ್ಸ್ ಹಾಳೆ ತೆಗೆದು ಅವರ ಹೆಸರಿನ ಮೇಲೆ ಬೆರಳಿಟ್ಟೆ. ಎಲ್ಲವನ್ನೂ ಹೇಳಿದೆ.

“ಇದು ನಾನು. ಸರಿ. ಕೆಳಗೆ ಇಷ್ಟುದ್ದ ಇದಾರಲ್ಲ, ಇವರೆಲ್ಲ ಯಾರು?”

“ನೀವು ಹೇಳಿದ ಮಾತನ್ನು ಎತ್ತಿ ಹೇಳಿದವರು ದೊಡ್ಡಮ್ಮ.”

“ಅವರಿಗೂ ಮೂಚ್ಚು ಕಟ್ಟುತ್ತಾ?” ನಮ್ಮ ಕಡೆ ಉಸಿರಿಗೆ ಮೂಚ್ಚು ಎಂದೇ ಹೇಳುವುದು.

“ಇಲ್ಲ, ಅವರು ಡಾಕ್ಟರುಗಳು.”

“ಹಂಗಾ, ಪಾಪ,” ಎಂದರು, ಯಾಕೆ ಪಾಪವೋ ನನಗೆ ಇವತ್ತಿಗೂ ಗೊತ್ತಿಲ್ಲ. ಮಿಲ್ಲಿನವರಿಗೆ ತಿಳಿದರೆ ತೊಂದರೆಯಾಗಬಹುದು ಎಂದೆ. “ಎರಡು ವರ್ಷಕ್ಕೆ ನನ್ನ ವೇಲೆಯೇ ಮುಗೀತದೆ. ಕೋಣೆ ಮುಚ್ಚಿದ್ರೆ ನನ್ನ ಹಿಂದೆ ಬರೋ ಹುಡುಗೀರಿಗೆ ಚೀಟಿ ಬರೆಯೋರು ಯಾರು? ಬರ್ಕೋ. ಗುಡಿಸೋಳು ಅಂತಲೇ ಬರ್ಕೋ,” ಎಂದರು.

ಆಮೇಲೆ ನಾನು ತಡೆಯಲಾರದೆ ಡ್ರಾಯರಿನ ವಿಷಯವನ್ನೂ ಹೇಳಿಬಿಟ್ಟೆ. ಅಲ್ಲಿಯವರೆಗೆ ನಗುತ್ತಿದ್ದ ಮುಖ ಗಟ್ಟಿಯಾಯಿತು.

“ನನ್ನ ಹೆಸರಿಗೆ ಕಾಗದ ಬಂದು ಮೂರು ವರ್ಷ ಆಯ್ತು, ಒಂದು ಜವಾಬು ಹಾಕಲಿಲ್ವಾ? ಆ ಜನ ಏನು ಅಂದ್ಕೊಂಡಿರ್ತಾರೆ ನನ್ನ? ಎಲ್ಲರಿಗೂ ಜವಾಬು ಹಾಕು. ನಾನು ಹೇಳಿದೆ ಅಂತ ಹಾಕು. ಆಮೇಲೆ ನಿನ್ನ ಪಟ್ಟಿ.”

ಸರಿಂಗ ದೊಡ್ಡಮ್ಮ ಎಂದೆ. ಬೇರೆ ಏನು ಹೇಳಲಿ?

ಸೋಮವಾರ ಡಾಕ್ಟರ ಮುಂದೆ ಹೊಸ ಪಟ್ಟಿಯನ್ನಿಟ್ಟು, ಸೂಲೂರಿಗೆ ಹೋಗಿಬಂದದ್ದನ್ನು ಹೇಳಿದೆ. ‘ಮಿಲ್ ಕಾರ್ಮಿಕೆ, ಗುಡಿಸುವ ವಿಭಾಗ’ ಎಂಬ ಸಾಲನ್ನು ಅವರು ತುಂಬ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಮೂರು ಪ್ರತಿಗೂ ರುಜು ಹಾಕಿ, “ನಿನ್ನ ಬಾಯಿಗೆ ನಾನು ಹೆದರ್ತೀನಿ ಅಮ್ಮಣಿ,” ಎಂದರು. ಅದೇ ಕ್ಷಮೆ, ಇಬ್ಬರ ಕಡೆಯಿಂದಲೂ. ಪಟ್ಟಿ ರಿಜಿಸ್ಟರ್ಡ್ ಅಂಚೆಯಲ್ಲಿ ಗಡುವಿನೊಳಗೆ ಹೋಯಿತು. ಆಮೇಲಿನ ಎರಡು ವಾರ ನಾನು ಡ್ರಾಯರಿನ ಕಾರ್ಡುಗಳಿಗೆಲ್ಲ ಉತ್ತರ ಟೈಪು ಮಾಡಿದೆ: ‘ತಾಯಮ್ಮಾಳ್ ಅವರು ಡಾಕ್ಟರಲ್ಲ, ಹತ್ತಿಯ ಮಿಲ್ಲಿನಲ್ಲಿ ಗುಡಿಸುತ್ತಾರೆ. ತಡವಾದದ್ದಕ್ಕೆ ಅವರು ಬೇಸರಪಟ್ಟಿದ್ದಾರೆ. ತಪ್ಪು ಗ್ರಂಥಾಲಯದ್ದು.’ ಜೊತೆಗೆ ಪತ್ರದ ಒಂದೊಂದು ಪ್ರತಿ.

ಎರಡು ತಿಂಗಳಾದ ಮೇಲೆ ಮಂಡಳಿಯವರು ಕೋಣೆಯನ್ನು ನೋಡಿ ತೀರ್ಮಾನಿಸಲು ಒಬ್ಬ ಹಿರಿಯ ಡಾಕ್ಟರಮ್ಮನನ್ನು ಕಳಿಸಿದರು. ಬಂದ ದಿನ ಗುರುವಾರ. ಲೆಕ್ಕ ಹಾಕಿ ಗುರುವಾರವನ್ನೇ ಕೇಳಿದ್ದರೆಂದು ಆಮೇಲೆ ಗೊತ್ತಾಯಿತು. ಬೆಂಚಿನ ಮೇಲೆ ಏಳೆಂಟು ಜನ ಊದಲು ಕಾದಿದ್ದರು. ಆಕೆ ಮೆಷಿನ್ ನೋಡಲಿಲ್ಲ, ರಿಜಿಸ್ಟರು ಕೇಳಲಿಲ್ಲ. ಕೈಚೀಲದಿಂದ ನಾನು ಟೈಪು ಮಾಡಿದ ಉತ್ತರವನ್ನು ತೆಗೆದು, “ಮೂರು ವರ್ಷದ ಹಿಂದೆ ನಾನೂ ಒಂದು ಕಾರ್ಡು ಬರೆದಿದ್ದೆ. ಮೊನ್ನೆ ಉತ್ತರ ಬಂತು. ಇಲ್ಲಿ ತಾಯಮ್ಮಾಳ್ ಯಾರು?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ನೆಲ ನೋಡಿದೆ. ಡಾಕ್ಟರು ಬೆಂಚಿನ ತುದಿಗೆ ಕೈ ತೋರಿಸಿದರು.

ಡಾಕ್ಟರಮ್ಮ ಹೋಗಿ ತಾಯಮ್ಮನ ಎದುರು ನಿಂತು ಕೈ ಮುಗಿದರು. ತಾಯಮ್ಮ ಗಾಬರಿಯಾಗಿ ಎದ್ದು, ಸೆರಗಿನಿಂದ ಬೆಂಚು ಒರೆಸಿ, ಪಕ್ಕದಲ್ಲಿ ಜಾಗ ಮಾಡಿದರು. ಇಬ್ಬರೂ ಕುಳಿತರು. ನಡುವೆ ನಾನು ದುಭಾಷಿ.

“ನಾವು ಇನ್ನೂ ಏನನ್ನಾದರೂ ತಪ್ಪಾಗಿ ಕೇಳುತ್ತಿದ್ದೇವೆಯೇ, ಕೇಳಿ,” ಎಂದರು ಡಾಕ್ಟರಮ್ಮ.

ಕೇಳಿದೆ. ತಾಯಮ್ಮ ನಮ್ಮ ಡಾಕ್ಟರನ್ನು ಒಂದು ಸಲ ನೋಡಿದರು, ಹೇಳಲಾ ಬೇಡವಾ ಎನ್ನುವ ಹಾಗೆ.

“ಹೇಳು ತಾಯಮ್ಮ,” ಎಂದರು ಅವರು.

“ನೀವು ಎಲ್ರೂ ವೇಲೆಗೆ ಬರೋರನ್ನೇ ಊದಿಸ್ತೀರಿ. ಬರೋಕಾಗೋರು ಬರ್ತಾರೆ, ಊದ್ತಾರೆ. ಮೂಚ್ಚು ಕಟ್ಟಿ ವೇಲೆ ಬಿಟ್ಟೋರು ಮನೇಲಿ ಕೂತಿದಾರೆ. ಅವ್ರನ್ನ ಒಬ್ರೂ ಕೇಳಲಿಲ್ಲ.”

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಡಾಕ್ಟರಮ್ಮ ಅದನ್ನು ಬರೆದುಕೊಂಡರು. ನಮ್ಮ ಡಾಕ್ಟರು ಕೈಯಲ್ಲಿದ್ದ ಗೆರೆ ಕಾಗದಗಳನ್ನು, ಇಷ್ಟು ವರ್ಷಗಳ ತಮ್ಮ ಲೆಕ್ಕವನ್ನೆಲ್ಲ, ಮೇಜಿನ ಮೇಲಿಟ್ಟು ಮೆಲ್ಲಗೆ ನಕ್ಕರು. ಎರಡನೆಯ ಸಲವೂ ಅವರನ್ನು ಸೋಲಿಸಿದವಳು ಅವಳೇ, ಅದಕ್ಕೆ ಅವರಿಗೆ ಖುಷಿಯಾಗಿತ್ತು. ಅವರ ಮೇಲೆ ನನಗೆ ಎಷ್ಟು ಪ್ರೀತಿ ಇದೆಯೆಂದು ನನಗೆ ಸರಿಯಾಗಿ ಗೊತ್ತಾದದ್ದು ಆ ಕ್ಷಣದಲ್ಲಿ.

ಯೋಜನೆ ಮುಂದುವರಿಯಿತು, ಕೆಲಸ ಬಿಟ್ಟವರ ಮನೆಗಳಿಗೆ ಹೋಗಿ ನೋಡಬೇಕೆಂಬ ಸೂಚನೆಯೊಂದಿಗೆ. ಹೊಸ ರಿಜಿಸ್ಟರಿಗೆ ಗೆರೆ ಹಾಕಿಕೊಟ್ಟವಳು ನಾನೇ. ಮೊದಲ ಮನೆ ಯಾವುದೆಂದು ಯಾರೂ ಯಾರನ್ನೂ ಕೇಳಲಿಲ್ಲ. ಒಂದು ಬುಧವಾರ ಡಾಕ್ಟರು ಸ್ಕೂಟರಿಗೆ ಮೆಷಿನ್ ಕಟ್ಟಿಕೊಂಡು ಸೂಲೂರಿಗೆ ಹೊರಟರು, ನಾನು ರಿಜಿಸ್ಟರು ಹಿಡಿದು ಬಸ್ಸಿನಲ್ಲಿ ಹೋದೆ.

ಹಗ್ಗದ ಮಂಚದ ಪಕ್ಕ ಸ್ಟೂಲಿನ ಮೇಲೆ ಮೆಷಿನ್ ಇಟ್ಟರು. ತಾಯಮ್ಮ ಗಂಡನ ಬೆನ್ನಿಗೆ ಕೈಕೊಟ್ಟು ಕೂರಿಸಿ, ಕೊಳವೆ ಹಿಡಿಯುವುದನ್ನು ತೋರಿಸಿಕೊಟ್ಟರು. ಊದಿ ಊದಿ ಅವರಿಗೆ ಅದು ನೀರು ಕುಡಿದಷ್ಟು ಸಲೀಸು. ಹಿರಿಯರು ಉಸಿರೆಳೆದರು, ಊದಿದರು. ತಿದಿ ಒಂದಿಷ್ಟು ಅಲುಗಿತು. ಪೆನ್ನು ಕಾಗದದ ಮೇಲೆ ಒಂದು ಬೆರಳಷ್ಟು ಎದ್ದು, ಅಲ್ಲೇ ಅಡ್ಡಕ್ಕೆ ಹರಿದು ನಿಂತಿತು. ಮೂರು ಸಲ ಊದಿಸಿದರು. ಮೂರು ಸಲವೂ ಅಷ್ಟೇ.

ಡಾಕ್ಟರು ತಲೆ ತಗ್ಗಿಸಿ ಕಾಗದ ಬಿಡಿಸಿಕೊಳ್ಳುತ್ತಿದ್ದರು. ಹಿರಿಯರು ಆ ಗೆರೆಯನ್ನೇ ನೋಡುತ್ತ, “ಇಷ್ಟೇನಾ?” ಎಂದರು.

“ಅಷ್ಟಾದ್ರೂ ಇದೆಯಲ್ಲ,” ಎಂದರು ತಾಯಮ್ಮ. ಆಮೇಲೆ ನನ್ನ ಕಡೆ ತಿರುಗಿ, ರಿಜಿಸ್ಟರಿನ ಮೊದಲನೆಯ ಸಾಲಿನ ಮೇಲೆ ಬೆರಳಿಟ್ಟರು. “ಇವ್ರ ಹೆಸರು ಬರ್ಕೋ ಕಣ್ಣು. ಇದರಲ್ಲಿ ಇವ್ರದೇ ಮೊದಲು.”